ಕಾವು ಹೊರಡುವ ದಾರಿ

ಏಪ್ರಿಲ್ ತಿಂಗಳ ಮಧ್ಯಾಹ್ನ ವಿಜಯಪುರ ಜಿಲ್ಲೆಯ ಆಲಮೇಲದಲ್ಲಿ ನೆರಳಿಗೆ ಬೆಲೆ ಬಂದಿರುತ್ತದೆ. ಭೀಮಾ ದಂಡೆಯ ಹಳ್ಳಿಗಳಿಂದ ಬಂದ ರೈತರು ಹೊಲದ ಉತಾರಿಗೆ (ಪಹಣಿಗೆ), ಅವರ ಮಕ್ಕಳು ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಕಾಲೇಜು ಅರ್ಜಿಗೆ ಆನ್‌ಲೈನ್ ಕೆಲಸದ ಅಂಗಡಿ ಹತ್ತುತ್ತಾರೆ. ಅಂಗಡಿ ಎಂದರೆ ಪತ್ರಾಸಿನ ಮಾಡು, ಒಂದು ಪ್ರಿಂಟರ್, ಗಿರಗಿರ ತಿರುಗುವ ಟೇಬಲ್ ಫ್ಯಾನು ಮತ್ತು ಏಳೆಂಟು ವರ್ಷ ದುಡಿದ ಒಂದು ಲ್ಯಾಪ್‌ಟಾಪು. ಅರ್ಜಿಯ ಕೊನೆಯ ಪುಟಕ್ಕೆ ಬಂದಾಗಲೇ ಅದರ ಫ್ಯಾನು ಕೂಗಲು ಶುರು ಮಾಡುತ್ತದೆ, ಪರದೆ ನಿಂತಲ್ಲೇ ನಿಲ್ಲುತ್ತದೆ.

"ತಮ್ಮಾ, ಉತಾರಿ ಬರ್ತದೋ ಇಲ್ಲೋ?"

"ಸ್ವಲ್ಪ ತಡೀರಿ ಕಾಕಾ, ಮಷೀನ್ ಕಾದದ."

ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸುದ್ದಿಯಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಕಡೆ ಹೋದರೂ ಇದೇ ಮಾತು ಕೇಳಿಸುತ್ತದೆ. ಅಂಗಡಿಗಳಷ್ಟೇ ಅಲ್ಲ, ಮನೆಗಳಲ್ಲೂ ಹಳೆಯ ಯಂತ್ರಗಳಿವೆ. 2020ರ ಸುಮಾರಿಗೆ ರಾಜ್ಯ ಸರ್ಕಾರ ಪದವಿ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟಿತ್ತು. ಆಗ ಪಡೆದವರು ಈಗ ನೌಕರಿಯಲ್ಲಿದ್ದಾರೆ, ಅಥವಾ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾರೆ. ಅವರ ತಮ್ಮ-ತಂಗಿಯರು ಅದೇ ಯಂತ್ರದ ಮುಂದೆ ಕೂತಿದ್ದಾರೆ. ಹೊಸದು ಕೊಳ್ಳಲು ಮೂವತ್ತು-ನಲವತ್ತು ಸಾವಿರ ರೂಪಾಯಿ ಬೇಕು. ತೊಗರಿ ಮಾರಿದ ದುಡ್ಡು ಕೈಗೆ ಬರುವವರೆಗೆ, ಕಬ್ಬಿನ ಬಿಲ್ಲು ಬರುವವರೆಗೆ ಹಳೆಯದೇ ನಡೆಯಬೇಕು. ನಡೆಸಬಹುದು ಕೂಡ. ಅದಕ್ಕೆ ಮೊದಲು ತಿಳಿಯಬೇಕಾದದ್ದು ಒಂದೇ: ಒಳಗೆ ಹುಟ್ಟುವ ಕಾವು ಯಾವ ದಾರಿಯಿಂದ ಹೊರಗೆ ಬರುತ್ತದೆ, ಆ ದಾರಿ ಎಲ್ಲಿ ಮುಚ್ಚಿಕೊಂಡಿದೆ.

ಲ್ಯಾಪ್‌ಟಾಪು ತಾನಾಗಿ ನಿಧಾನವಾಗುವುದು ಕೆಟ್ಟುಹೋದ ಲಕ್ಷಣವಲ್ಲ. ಅದು ಜೀವ ಉಳಿಸಿಕೊಳ್ಳುವ ಉಪಾಯ. ಪ್ರೊಸೆಸರಿನೊಳಗೆ ಉಷ್ಣತೆ ಅಳೆಯುವ ಪುಟ್ಟ ಸಂವೇದಕಗಳಿರುತ್ತವೆ. ಬಿಸಿ ಸುಮಾರು 100 ಡಿಗ್ರಿ ಮುಟ್ಟಿದರೆ ಪ್ರೊಸೆಸರು ತನ್ನ ವೇಗ ಇಳಿಸಿಕೊಳ್ಳುತ್ತದೆ. ಆಗಲೂ ತಣಿಯದಿದ್ದರೆ ಇಡೀ ಯಂತ್ರವನ್ನು ಬಂದ್ ಮಾಡುತ್ತದೆ. ಈ ಏರ್ಪಾಟು ಎಷ್ಟು ಮುಖ್ಯ ಎಂಬುದನ್ನು 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ ಒಂದು ವಿಡಿಯೋದಲ್ಲಿ ತೋರಿಸಿತು. ಓಡುತ್ತಿದ್ದ ಕಂಪ್ಯೂಟರುಗಳ ಪ್ರೊಸೆಸರ್ ಮೇಲಿನ ತಣಿಸುವ ಲೋಹದ ಗಟ್ಟಿಯನ್ನು ಅವರು ಕಿತ್ತು ತೆಗೆದರು. ಪೆಂಟಿಯಂ 4 ಪ್ರೊಸೆಸರು ಆಮೆಯ ವೇಗಕ್ಕೆ ಇಳಿದರೂ ಕೆಲಸ ಬಿಡಲಿಲ್ಲ. ಅಂಥ ರಕ್ಷಣೆ ಇಲ್ಲದ ಅಂದಿನ ಅಥ್ಲಾನ್ ಪ್ರೊಸೆಸರು ನೋಡನೋಡುತ್ತ ಹೊಗೆಯಾಡಿ ಸುಟ್ಟುಹೋಯಿತು. ಇಂದಿನ ಎಲ್ಲ ಪ್ರೊಸೆಸರುಗಳಲ್ಲೂ ಈ ಕಾವಲು ಇದೆ. ಆದ್ದರಿಂದ "ಮಷೀನ್ ಕಾದದ" ಎನ್ನುವ ಹುಡುಗ ನಿಜವನ್ನೇ ಹೇಳುತ್ತಿದ್ದಾನೆ.

ಇಷ್ಟು ಕಾವು ಬರುವುದಾದರೂ ಎಲ್ಲಿಂದ? ಲ್ಯಾಪ್‌ಟಾಪು ತೆಗೆದುಕೊಳ್ಳುವ ವಿದ್ಯುತ್ತಿನಲ್ಲಿ ಪರದೆಯ ಬೆಳಕು, ಸ್ಪೀಕರಿನ ಸದ್ದು ಬಿಟ್ಟರೆ ಉಳಿದದ್ದೆಲ್ಲ ಅಲ್ಲೇ ಶಾಖವಾಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪಿನ ಪ್ರೊಸೆಸರು ಸುಮಾರು 15 ವ್ಯಾಟ್ ಬಳಸುತ್ತದೆ. ಕೇಳಲಿಕ್ಕೆ ಇದು ಒಂದು ಎಲ್‌ಇಡಿ ಬಲ್ಬಿನಷ್ಟೇ. ಆದರೆ ಅದು ಹುಟ್ಟುವ ಸಿಲಿಕಾನ್ ಚೂರು ಕಿರುಬೆರಳಿನ ಉಗುರಿನಷ್ಟು, ಒಂದು ಚದರ ಸೆಂಟಿಮೀಟರಿನ ಆಸುಪಾಸು. ಇಸ್ತ್ರಿ ಪೆಟ್ಟಿಗೆಯೊಂದಿಗೆ ಹೋಲಿಸಿ ನೋಡಬಹುದು. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್, ಅಂದರೆ ಚದರ ಸೆಂಟಿಮೀಟರಿಗೆ 5 ವ್ಯಾಟ್. ಪ್ರೊಸೆಸರಿನದು ಅದರ ಮೂರು ಪಟ್ಟು. ಅಷ್ಟು ಕಾವನ್ನು ಒಂದು ಕ್ಷಣವೂ ನಿಲ್ಲಗೊಡದೆ ಸಾಗಿಸುತ್ತಲೇ ಇರಬೇಕು.

ಕಾವನ್ನು ಹೊರಹಾಕುವ ಕಷ್ಟ ಲ್ಯಾಪ್‌ಟಾಪಿಗೆ ಮಾತ್ರ ಇರುವುದಲ್ಲ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವ್ಯಾಟ್ ಉಷ್ಣವಿದ್ಯುತ್ ಸ್ಥಾವರವಿದೆ, 800 ಮೆಗಾವ್ಯಾಟಿನ ಮೂರು ಘಟಕಗಳು. ಅಲ್ಲಿ ಕಲ್ಲಿದ್ದಲು ಉರಿಸಿ ಪಡೆದ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಿದ್ಯುತ್ತಾಗದೆ ಗಾಳಿಗೆ, ನೀರಿಗೆ ಸೇರುತ್ತದೆ. ಅದನ್ನು ಹೊರಹಾಕಲಿಕ್ಕೆಂದೇ ದೈತ್ಯ ತಣಿಸುವ ಗೋಪುರಗಳು, ಅವುಗಳಿಗೆಂದೇ ಆಲಮಟ್ಟಿ ಜಲಾಶಯದ ನೀರು. ಬೆರಳುದ್ದದ ಫ್ಯಾನು ಲ್ಯಾಪ್‌ಟಾಪಿನಲ್ಲಿ ಮಾಡುವುದೂ ಇದೇ ಕೆಲಸ.

ಆ ಕೆಲಸದ ಅತ್ಯಂತ ಚೆಂದದ ಭಾಗ ಹೊರಗೆ ಕಾಣುವುದೇ ಇಲ್ಲ. ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಪ್ರೊಸೆಸರಿನ ಮೇಲಿಂದ ಫ್ಯಾನಿನ ಕಡೆಗೆ ಹೋಗುವ ಚಪ್ಪಟೆಯಾದ ತಾಮ್ರದ ಕೊಳವೆಯೊಂದು ಕಾಣುತ್ತದೆ. ಇದಕ್ಕೆ ಹೀಟ್ ಪೈಪ್ ಎನ್ನುತ್ತಾರೆ. ನೋಡಿದವರು ಗಟ್ಟಿ ತಾಮ್ರದ ಪಟ್ಟಿ ಎಂದುಕೊಳ್ಳುತ್ತಾರೆ. ಅದು ಟೊಳ್ಳು. ಒಳಗಿನ ಗಾಳಿಯನ್ನೆಲ್ಲ ತೆಗೆದು ಒಂದು ಚಮಚೆಗೂ ಕಡಿಮೆ ನೀರು ತುಂಬಿ ಮುಚ್ಚಿರುತ್ತಾರೆ. ಗಾಳಿಯ ಒತ್ತಡವಿಲ್ಲದ್ದರಿಂದ ಆ ನೀರು ಕಡಿಮೆ ಬಿಸಿಯಲ್ಲೇ ಆವಿಯಾಗುತ್ತದೆ. ಪ್ರೊಸೆಸರಿನ ತುದಿಯಲ್ಲಿ ಆವಿಯಾದದ್ದು ಫ್ಯಾನಿನ ತುದಿಗೆ ಓಡಿ, ಅಲ್ಲಿ ತಣಿದು ಮತ್ತೆ ನೀರಾಗಿ, ಹೊತ್ತು ತಂದ ಕಾವನ್ನು ಇಳಿಸುತ್ತದೆ. ಕೊಳವೆಯ ಒಳಮೈಗೆ ಅಂಟಿಸಿದ ತಾಮ್ರದ ಪುಡಿಯೋ ಜಾಳಿಗೆಯೋ, ದೀಪದ ಬತ್ತಿ ಎಣ್ಣೆ ಎಳೆದಂತೆ, ಆ ನೀರನ್ನು ಮರಳಿ ಪ್ರೊಸೆಸರಿನ ಕಡೆಗೆ ಎಳೆದು ತರುತ್ತದೆ. ಪಂಪಿಲ್ಲ, ಸದ್ದಿಲ್ಲ, ಸವೆಯುವ ಭಾಗವಿಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೌಲ್ ಶಾಖ ಬೇಕು. 15 ವ್ಯಾಟಿನ ಪ್ರೊಸೆಸರು ಎರಡೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಹೊರಸೂಸುವ ಕಾವು ಅದು. ಆ ಒಂದು ಗ್ರಾಂ ದಿನವಿಡೀ ಹೋಗಿ ಬಂದು ಮಾಡುತ್ತಲೇ ಇರುತ್ತದೆ.

ಈ ವಿಚಾರಕ್ಕೆ ಜನರಲ್ ಮೋಟರ್ಸ್‌ನ ರಿಚರ್ಡ್ ಗಾಗ್ಲರ್ 1940ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರೂ ಯಾರೂ ಹೆಚ್ಚು ಗಮನ ಕೊಟ್ಟಿರಲಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಇದನ್ನು ಕಟ್ಟಿ ಹೆಸರಿಟ್ಟ ಮೇಲೆ, ಮೊದಲು ಉಪಗ್ರಹಗಳಿಗೆ, ಆಮೇಲೆ ಲ್ಯಾಪ್‌ಟಾಪುಗಳಿಗೆ ಬಂತು.

ಆದರೆ ಇದರ ಮೂಲತತ್ವ ಆಲಮೇಲದ ಯಾವ ಮನೆಗೂ ಹೊಸದಲ್ಲ. ಪಡಸಾಲೆಯ ಮೂಲೆಯಲ್ಲಿ ಮರಳಿನ ಮೇಲೆ ಕೂತ ಮಣ್ಣಿನ ಹರವಿ ಬೇಸಿಗೆಯಿಡೀ ಮಾಡುವುದು ಇದನ್ನೇ. ನೀರು ಹರವಿಯ ಸಣ್ಣ ರಂಧ್ರಗಳಿಂದ ಜಿನುಗಿ ಆವಿಯಾಗುವಾಗ ಒಳಗಿನ ನೀರಿನಿಂದ ಶಾಖ ಎತ್ತಿಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ಕೆಲಸ ಚುರುಕು; ವಿಜಯಪುರದ ಒಣ ಬೇಸಿಗೆಯಲ್ಲಿ ಹರವಿಯ ನೀರು ಅಷ್ಟು ತಣ್ಣಗಿರುವುದು ಇದಕ್ಕೇ. ಆದಿಲ್‌ಶಾಹಿ ಅರಸರೂ ಇದನ್ನು ನಂಬಿದವರು. ವಿಜಯಪುರದಿಂದ ಸಿಂದಗಿ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ಕುಮಟಗಿಯಲ್ಲಿ ಅವರ ಬೇಸಿಗೆ ಅರಮನೆಯ ಅವಶೇಷಗಳಿವೆ. ಹೊಂಡದ ನಡುವೆ ಮಂಟಪ, ನೀರನ್ನು ಎತ್ತರಕ್ಕೇರಿಸುವ ಗೋಪುರ, ಗೋಡೆ-ಚಾವಣಿಗಳಿಂದ ನೀರು ಚಿಮ್ಮಿಸುವ ಕೊಳವೆಗಳ ಜಾಲ. ಹರವಿಯ ಕಾಯಕವನ್ನೇ ಅವರು ಮಂಟಪದ ಅಳತೆಗೆ ಹಿಗ್ಗಿಸಿದ್ದರು. ಸಿಂದಗಿ ಬಸ್ಸಿನಲ್ಲಿ ಹೋಗುವವರು ಒಮ್ಮೆ ಇಳಿದು ನೋಡಬೇಕಾದ ಜಾಗ ಅದು.

ಹೀಟ್ ಪೈಪ್ ಕೆಡುವುದು ಅಪರೂಪ. ದಾರಿ ಮುಚ್ಚುವುದು ಅದರ ಆಚೆ ತುದಿಯಲ್ಲಿ ಮತ್ತು ಈಚೆ ತುದಿಯಲ್ಲಿ.

ಆಚೆ ತುದಿಯಲ್ಲಿರುವುದು ದೂಳು. ಎರಿ ಭೂಮಿಯ ಮಣ್ಣು ಒಣಗಿದರೆ ಹಿಟ್ಟಿನಷ್ಟು ನುಣುಪು. ತೊಗರಿ ರಾಶಿಯ ಹೊಟ್ಟು, ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ರಸ್ತೆಯ ಮಣ್ಣು, ಬಟ್ಟೆಯ ಎಳೆ, ತಲೆಗೂದಲು, ಎಲ್ಲವನ್ನೂ ಫ್ಯಾನು ಎಳೆದುಕೊಳ್ಳುತ್ತದೆ. ಹೊರಗಿನಿಂದ ಗಾಳಿಕಿಂಡಿ ನೋಡಿದರೆ ಬಹಳಷ್ಟು ಸಲ ಶುಚಿಯಾಗಿಯೇ ಕಾಣುತ್ತದೆ. ಫ್ಯಾನಿನ ಮೇಲ್ಮುಚ್ಚಳ ತೆಗೆದಾಗಲೇ ನಿಜ ಗೊತ್ತಾಗುವುದು. ಫ್ಯಾನಿಗೂ ಹೀಟ್ ಪೈಪಿನ ತುದಿಯ ತಾಮ್ರದ ತೆಳು ರೆಕ್ಕೆಗಳ ಸಾಲಿಗೂ ನಡುವೆ ಬೂದು ಬಣ್ಣದ ಪಟ್ಟಿಯೊಂದು ಕೂತಿರುತ್ತದೆ, ಕೌದಿಯೊಳಗಿನ ಹಳೆಯ ಅರಿವೆಯಂತೆ ಒತ್ತೊತ್ತಾಗಿ. ಚಿಮಟದಿಂದ ಒಂದು ತುದಿ ಹಿಡಿದು ಎಳೆದರೆ ಇಡಿಯಾಗಿ ಬರುತ್ತದೆ. ಐದಾರು ವರ್ಷ ಆ ಯಂತ್ರ ಉಸಿರಾಡಿದ್ದು ಅದರ ಮೂಲಕ. ಅದನ್ನು ತೆಗೆದು ಅಂಗೈ ಹಿಡಿದರೆ ಕಿಂಡಿಯಿಂದ ಗಾಳಿ ಬೀಸುವುದು ಮೊದಲ ಸಲ ಅನುಭವಕ್ಕೆ ಬರುತ್ತದೆ.

ಈ ಕೆಲಸಕ್ಕೆ ಬೇಕಾದದ್ದು ಸರಿಯಾದ ಸ್ಕ್ರೂಡ್ರೈವರ್, ಮೆತ್ತನೆ ಬ್ರಷ್, ಒಂದು ಬ್ಲೋವರ್ ಮತ್ತು ಒಂದು ತಾಸಿನ ತಾಳ್ಮೆ. ಎಲ್ಲಕ್ಕೂ ಮೊದಲು ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೋ ಬೇರೆ ಡಿಸ್ಕಿಗೋ ನಕಲು ಮಾಡಿಕೊಳ್ಳಬೇಕು. ಚಾರ್ಜರ್ ಕಿತ್ತು, ತಳ ಬಿಚ್ಚಿದ ಕೂಡಲೇ ಬ್ಯಾಟರಿಯ ಜೋಡಣೆ ಬಿಡಿಸಬೇಕು. ಸ್ಕ್ರೂಗಳು ಎಲ್ಲ ಒಂದೇ ಉದ್ದ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು ಆಯಾ ಜಾಗದಲ್ಲೇ ಅವನ್ನು ಅಂಟಿಸಿಟ್ಟುಕೊಂಡರೆ ವಾಪಸು ಕೂಡಿಸುವಾಗ ಒದ್ದಾಟವಿಲ್ಲ. ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಕಡ್ಡಿಯಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬಾಯಿಂದ ಊದಿದರೆ ಎಂಜಲಿನ ಹನಿ ಬೋರ್ಡಿನ ಮೇಲೆ ಬೀಳುತ್ತದೆ. ಕೈ ನಡುಗುವವರು ಊರಿನ ರಿಪೇರಿ ಅಂಗಡಿಗೆ ಒಯ್ದು, ಎದುರಿಗೇ ಕೂತು ಮಾಡಿಸುವುದು ಲೇಸು.

ಈಚೆ ತುದಿಯಲ್ಲಿರುವುದು ಥರ್ಮಲ್ ಪೇಸ್ಟ್. ಪ್ರೊಸೆಸರೂ ಅದರ ಮೇಲಿನ ತಾಮ್ರವೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮ ಸಂದುಗಳಿರುತ್ತವೆ. ಅಲ್ಲಿ ಗಾಳಿ ನಿಂತರೆ ಕಾವು ದಾಟುವುದಿಲ್ಲ. ತಾಮ್ರ ಗಾಳಿಗಿಂತ ಸುಮಾರು 15 ಸಾವಿರ ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಆ ಸಂದು ತುಂಬುವುದೇ ಪೇಸ್ಟಿನ ಕೆಲಸ. ಒಳ್ಳೆಯ ಪೇಸ್ಟು ಗಾಳಿಗಿಂತ ನೂರಾರು ಪಟ್ಟು ಮೇಲು, ತಾಮ್ರಕ್ಕಿಂತ ಎಷ್ಟೋ ಕೆಳಗೆ. ಹಾಗಾಗಿ ಸಂದು ತುಂಬುವಷ್ಟೇ ಬೇಕು, ಹೆಚ್ಚಾದರೆ ಅದೇ ಅಡ್ಡಿ. ವರ್ಷಗಟ್ಟಲೆ ಕಾದು ತಣಿದ ಪೇಸ್ಟು, ಬೇಸಿಗೆಯ ಎರಿ ಹೊಲ ಬಾಯಿ ಬಿಟ್ಟಂತೆ ಬಿರುಕು ಬಿಟ್ಟಿರುತ್ತದೆ. ಆ ಬಿರುಕುಗಳಲ್ಲಿ ಮತ್ತೆ ಗಾಳಿ. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯದನ್ನು ಪೂರ್ತಿ ಒರೆಸಿ, ನಟ್ಟ ನಡುವೆ ಒಂದು ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ತಾಮ್ರದ ಗಟ್ಟಿಯನ್ನು ನೆಟ್ಟಗೆ ಕೂಡಿಸಿ, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರೆ ಸಾಕು.

ಇಷ್ಟು ಮಾಡಿದರೂ ಆಲಮೇಲದ ಮೇ ತಿಂಗಳು ಒಂದು ಲೆಕ್ಕವನ್ನು ಮುಂದಿಡುತ್ತದೆ. ಫ್ಯಾನು ಎಷ್ಟೇ ತಿರುಗಲಿ, ಅದು ಕೋಣೆಯ ಗಾಳಿಗಿಂತ ತಣ್ಣಗೆ ಏನನ್ನೂ ಮಾಡಲಾರದು. ಒಂದು ಲ್ಯಾಪ್‌ಟಾಪಿನ ಪ್ರೊಸೆಸರು ಪೂರ್ತಿ ದುಡಿಯುವಾಗ ಕೋಣೆಗಿಂತ 60 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದು ಹಿಡಿಯೋಣ. 25 ಡಿಗ್ರಿಯ ಕೋಣೆಯಲ್ಲಿ ಅದು 85, ಆರಾಮ. ಅದೇ ಯಂತ್ರ 42 ಡಿಗ್ರಿಯ ಪತ್ರಾಸಿನ ಶೆಡ್ಡಿನಲ್ಲಿ 102, ಅಂದರೆ ವೇಗ ಇಳಿಸಿಕೊಳ್ಳುವ ಗಡಿಯ ಆಚೆ. ಬೆಂಗಳೂರಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಲ್ಯಾಪ್‌ಟಾಪು ಬೇಸಿಗೆ ರಜೆಗೆ ಊರಿಗೆ ಬಂದಾಗ ಮುನಿಸಿಕೊಳ್ಳುವುದು ಇದಕ್ಕೇ. ಯಂತ್ರ ಬದಲಾಗಿಲ್ಲ, ಗಾಳಿ ಬದಲಾಗಿದೆ.

ಕೋಣೆಯ ಬಿಸಿ ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಹುಟ್ಟುವ ಕಾವನ್ನು ಮಾತ್ರ ಇಳಿಸಬಹುದು. ಪ್ರೊಸೆಸರು ಬಳಸುವ ವಿದ್ಯುತ್ತು ಅದರ ವೇಗಕ್ಕೆ ಅನುಗುಣವಾಗಿ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಳಿದಾಗ ವೋಲ್ಟೇಜೂ ಇಳಿಯುತ್ತದೆ. ಎರಡೂ ಶೇಕಡ 10ರಷ್ಟು ಇಳಿದರೆ ಆ ಖರ್ಚು ಶೇಕಡ 27ರಷ್ಟು ಕಡಿಮೆ. ಮೇಲಿನ ಲೆಕ್ಕದ 60 ಡಿಗ್ರಿ ಏರಿಕೆ 44ಕ್ಕೆ ಬಂತು. 42 ಡಿಗ್ರಿಯ ಶೆಡ್ಡಿನಲ್ಲೂ ಪ್ರೊಸೆಸರು 86ರಲ್ಲಿ ನಿಲ್ಲುತ್ತದೆ. ಅರ್ಜಿ ತುಂಬುವ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವ ಕೆಲಸದಲ್ಲಿ ಆ ಶೇಕಡ 10ರಷ್ಟು ವೇಗ ಹೋದದ್ದು ಯಾರಿಗೂ ತಿಳಿಯುವುದಿಲ್ಲ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದು ಕಾಣುವ ಯಂತ್ರಗಳಲ್ಲಿ ಅದನ್ನು 100ರಿಂದ 99ಕ್ಕೆ ಇಳಿಸಿದರೆ, ಹೆಚ್ಚಿನ ಇಂಟೆಲ್ ಪ್ರೊಸೆಸರುಗಳು ಟರ್ಬೊ ವೇಗಕ್ಕೆ ಏರುವುದನ್ನೇ ಬಿಡುತ್ತವೆ. ಒಂದು ಪೈಸೆ ಖರ್ಚಿಲ್ಲದ ಔಷಧಿ ಇದು. ನಿಧಾನದ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಿಸುವುದು ದುಡ್ಡಿನ ಮಾತಾದರೂ, ಯಂತ್ರ ಇನ್ನೆರಡು ವರ್ಷ ನಡೆಯಬೇಕಿದ್ದರೆ ಹಾಕಿದ ದುಡ್ಡಿಗೆ ಮೋಸವಿಲ್ಲ.

ಕೂಡುವ ಜಾಗವೂ ಮುಖ್ಯ. ಈ ಜಿಲ್ಲೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆ, ದಪ್ಪ ಮಾಡು ಹಗಲಿನ ಕಾವು ಒಳಗೆ ಬರಲು ಸಂಜೆ ಮಾಡುತ್ತವೆ. ಪತ್ರಾಸು ಹತ್ತು ನಿಮಿಷದಲ್ಲಿ ಕಾಯುತ್ತದೆ. ಮಾಳಿಗೆ ಮನೆ ಇದ್ದವರು ಮಧ್ಯಾಹ್ನದ ಭಾರದ ಕೆಲಸ ಅಲ್ಲಿಗೆ ಒಯ್ಯಲಿ. ಲ್ಯಾಪ್‌ಟಾಪನ್ನು ಕೌದಿಯ ಮೇಲೆ, ಹಾಸಿಗೆಯ ಮೇಲೆ ಇಟ್ಟರೆ ತಳದ ಕಿಂಡಿಗಳು ಮುಚ್ಚಿಹೋಗುತ್ತವೆ. ಗಟ್ಟಿ ಹಲಗೆಯ ಮೇಲೆ, ನಾಲ್ಕು ಮೂಲೆಗೆ ನೀರಿನ ಬಾಟಲಿಯ ನಾಲ್ಕು ಮುಚ್ಚಳ ಕೊಟ್ಟು ಎತ್ತರಿಸಿದರೆ ಗಾಳಿಗೆ ಬೆರಳಗಲದ ದಾರಿ ಸಿಗುತ್ತದೆ. ಕೂಲರ್ ಕೋಣೆ ತಣ್ಣಗಿಡಲಿ, ಅದರ ತುಂತುರು ಮಾತ್ರ ಯಂತ್ರದ ಮೇಲೆ ಬೀಳಬಾರದು. ಕಾದ ಲ್ಯಾಪ್‌ಟಾಪನ್ನು ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ತೀರಾ ಕೆಟ್ಟದ್ದು. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ ಒಳಗಿನ ಬೋರ್ಡೂ ಬೆವರುತ್ತದೆ. ಬಸ್ಸು ಹತ್ತುವಾಗ ಸ್ಲೀಪ್‌ನಲ್ಲಿ ಬಿಟ್ಟು ಚೀಲಕ್ಕೆ ತುರುಕದೆ ಪೂರ್ತಿ ಬಂದ್ ಮಾಡಬೇಕು.

ಇಲ್ಲಿಯವರೆಗಿನದೆಲ್ಲ ತಡೆದುಕೊಳ್ಳಬಹುದಾದ ತೊಂದರೆ. ಬ್ಯಾಟರಿಯ ವಿಷಯ ಹಾಗಲ್ಲ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದರ ಹಿಂದಿನ ಸಂಶೋಧನೆಗೆ 2019ರಲ್ಲಿ ಮೂವರಿಗೆ ನೊಬೆಲ್ ಬಂತು. ಈ ಅದ್ಭುತ ವಸ್ತುವಿಗೆ ಎರಡು ಸಂಗತಿ ಕೂಡಿ ಬಂದರೆ ಆಗದು: ಹೆಚ್ಚು ಬಿಸಿ, ಮತ್ತು ಸದಾ ಪೂರ್ತಿ ತುಂಬಿದ ಚಾರ್ಜು. ಚಾರ್ಜರ್ ಸಿಕ್ಕಿಸಿಯೇ ಇಡುವ ಬೇಸಿಗೆಯ ಅಂಗಡಿಯಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಒಳಗಿನ ದ್ರಾವಣ ನಿಧಾನಕ್ಕೆ ಒಡೆದು ಅನಿಲ ಹುಟ್ಟುತ್ತದೆ, ಬ್ಯಾಟರಿ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದೆ, ಕ್ಲಿಕ್ ಆಗುತ್ತಿಲ್ಲ, ಮೇಜಿನ ಮೇಲಿಟ್ಟರೆ ತಳ ಅಲ್ಲಾಡುತ್ತದೆ, ಕೀಬೋರ್ಡ್ ನಡುವೆ ಡುಬ್ಬ ಬಂದಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಚುಚ್ಚಿ ಗಾಳಿ ತೆಗೆಯುವ ಸಾಹಸ ಬೇಡವೇ ಬೇಡ, ಬೆಂಕಿ ಹತ್ತುತ್ತದೆ. ಕೂಡಲೇ ಬಂದ್ ಮಾಡಿ, ತಿಳಿದವರ ಕೈಯಿಂದ ಬ್ಯಾಟರಿ ತೆಗೆಸಬೇಕು. ಬ್ಯಾಟರಿ ಇಲ್ಲದೆ ಅಡಾಪ್ಟರಿನ ಮೇಲೆಯೇ ಹಲವು ಲ್ಯಾಪ್‌ಟಾಪುಗಳು ನಡೆಯುತ್ತವೆ. ಕರೆಂಟು ಹೋಗಿ ಬರುವ ಊರಿನಲ್ಲಿ ಚಿಕ್ಕ ಯುಪಿಎಸ್ ಜೊತೆಗಿರಲಿ. ತೆಗೆದ ಬ್ಯಾಟರಿ ತಿಪ್ಪೆಗೆ ಹೋಗಬಾರದು. ತಯಾರಕರು ಅದನ್ನು ಮರಳಿ ಸಂಗ್ರಹಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ಇನ್ನೂ ಉಬ್ಬದ ಬ್ಯಾಟರಿ ಇದ್ದವರು, ಯಂತ್ರದಲ್ಲಿ ಸೌಲಭ್ಯವಿದ್ದರೆ, ಚಾರ್ಜಿನ ಮಿತಿಯನ್ನು ಶೇಕಡ 80ಕ್ಕೆ ನಿಲ್ಲಿಸಿಡಲಿ.

ಹಳೆಯ ಯಂತ್ರವನ್ನು ಬೀಳ್ಕೊಡುವ ದಿನವೂ ಬರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2017ಕ್ಕಿಂತ ಹಿಂದಿನ ಬಹುತೇಕ ಲ್ಯಾಪ್‌ಟಾಪುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗದು. ಅವುಗಳಲ್ಲಿ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಕೊಂಡು ಓದು-ಬರಹ ನಡೆಸಬಹುದು. ಬ್ಯಾಂಕಿನ ವ್ಯವಹಾರ, ಬೇರೆಯವರ ಆಧಾರ್ ದಾಖಲೆ ನಿರ್ವಹಿಸುವ ಅಂಗಡಿ ಮಾತ್ರ ಭದ್ರತೆಯ ಪರಿಷ್ಕರಣೆ ನಿಂತ ಯಂತ್ರವನ್ನು ಇಟ್ಟುಕೊಳ್ಳಬಾರದು. ಮದರ್‌ಬೋರ್ಡೇ ಸುಟ್ಟರೆ ದುರಸ್ತಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಫ್ಯಾನು, ಪೇಸ್ಟು, ಬ್ಯಾಟರಿ, ಡಿಸ್ಕು, ಈ ನಾಲ್ಕರಲ್ಲಿ ಯಾವುದು ಹೋದರೂ ಇನ್ನೂ ದಾರಿಯಿದೆ.

ಆಲಮೇಲದ ಕಡೆಯವರು ಈ ಕೆಲಸಕ್ಕೆ ತೊಗರಿ ರಾಶಿ ಮುಗಿದ ಮೇಲೆ, ಯುಗಾದಿಗೆ ಮುಂಚೆ ಒಂದು ದಿನ ಗೊತ್ತು ಮಾಡಿಕೊಳ್ಳಲಿ. ಆಗ ಹೊಟ್ಟಿನ ದೂಳೂ ಇಳಿದಿರುತ್ತದೆ, ಬಿಸಿಲೂ ಏರಿರುವುದಿಲ್ಲ. ಆದರೆ ಕಡತಗಳ ನಕಲು ಮಾಡುವುದಕ್ಕೆ ಆ ದಿನ ಕಾಯಬೇಡಿ. ಇಂದು ರಾತ್ರಿ, ಯಂತ್ರ ತಣ್ಣಗಿರುವಾಗಲೇ ಮಾಡಿಬಿಡಿ. ಟಚ್‌ಪ್ಯಾಡಿನ ಮೇಲೆ ಒಮ್ಮೆ ಬೆರಳಾಡಿಸಿ, ಉಬ್ಬಿದೆಯೇ ನೋಡಿ.